ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಳಗೆ ಬಿಡ್ತಿಲ್ಲ!

ಹೊಸದಾಗಿ ಲಿನಕ್ಸ್ ಹಾಕಿಕೊಂಡವರ ಪ್ರಶ್ನೆಗಳೇ ಈ ಸಲ ಜಾಸ್ತಿ ಬಂದಿವೆ. ಇನ್‌ಸ್ಟಾಲ್ ಮುಗಿಯುವವರೆಗೂ ಎಲ್ಲ ಸಲೀಸು, ಲಾಗಿನ್ ಪರದೆ ಬಂದ ಮೇಲೆ ತಕರಾರು ಶುರು. ಹಾಗಾಗಿ ಈ ಕಂತು ಪೂರ್ತಿ ಲಾಗಿನ್‌ಗೇ ಮೀಸಲು. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಯಾಕಂದ್ರೆ ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ.

ಪ್ರಶ್ನೆ: ಹಳೇ ಲ್ಯಾಪ್‌ಟಾಪ್‌ನಲ್ಲಿ ಅಣ್ಣನದೂ ನನ್ನದೂ ಎರಡು ಅಕೌಂಟ್ ಇದ್ದವು. ನನ್ನ ಹೋಮ್ ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಬ್ಯಾಕಪ್ ಮಾಡಿಕೊಂಡು, ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದೆ. ಲಾಗಿನ್ ಆಯ್ತು. ಆಮೇಲೆ ‘ಸುಡೋ ಸಿಪಿ ಹೈಫನ್ ಎ’ (ಅಡ್ಮಿನ್ ಅಧಿಕಾರದಿಂದ ಕಾಪಿ ಮಾಡುವ ಕಮಾಂಡ್) ಕೊಟ್ಟು ಬ್ಯಾಕಪ್‌ನಲ್ಲಿದ್ದದ್ದನ್ನೆಲ್ಲ ಹೊಸ ಹೋಮ್‌ಗೆ ಸುರಿದು ರೀಸ್ಟಾರ್ಟ್ ಮಾಡಿದೆ. ಈಗ ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪರದೆಗೇ ವಾಪಸ್ ಬರುತ್ತದೆ. ಪಾಸ್‌ವರ್ಡ್ ತಪ್ಪು ಅಂತಾನೂ ಹೇಳಲ್ಲ. ಮತ್ತೆ ಇನ್‌ಸ್ಟಾಲ್ ಮಾಡಲೇಬೇಕಾ ಸರ್?

ಉತ್ತರ: ಬೇಡ. ಯಾವ ಕಾರಣಕ್ಕೂ ಬೇಡ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ‘ಪಾಸ್‌ವರ್ಡ್ ತಪ್ಪು ಅಂತಾನೂ ಹೇಳಲ್ಲ’ ಅಂದಿರಲ್ಲ, ಅದೇ ಮುಖ್ಯ. ಪಾಸ್‌ವರ್ಡ್ ತಪ್ಪಾಗಿದ್ದರೆ ಲಿನಕ್ಸ್ ಖಂಡಿತ ಹೇಳುತ್ತದೆ. ಏನೂ ಹೇಳದೆ ವಾಪಸ್ ಕಳಿಸಿತು ಅಂದ್ರೆ ಪಾಸ್‌ವರ್ಡ್ ಒಪ್ಪಿಕೊಂಡಿದೆ, ಆದರೆ ಡೆಸ್ಕ್‌ಟಾಪ್ ಶುರುವಾಗುವಾಗ ಎಲ್ಲೋ ಮುಗ್ಗರಿಸಿ ಬಿದ್ದಿದೆ. ಗೇಟಿನಲ್ಲಿ ವಾಚ್‌ಮನ್ ಗುರುತು ಹಿಡಿದು ಒಳಗೆ ಬಿಟ್ಟಿದ್ದಾನೆ, ಮನೆ ಬಾಗಿಲ ಬೀಗ ಮಾತ್ರ ತೆಗೆಯುತ್ತಿಲ್ಲ, ಅಷ್ಟೇ. ಇದನ್ನು ಲಾಗಿನ್ ಲೂಪ್ ಅಂತಾರೆ.

ಮೊದಲು ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀ ಕೂಡ ಬೇಕು. ಚಿತ್ರಗಿತ್ರ ಏನೂ ಇಲ್ಲದ ಕಪ್ಪು ಪರದೆ ಬರುತ್ತದೆ. ಅಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಿ. ಲಾಗಿನ್ ಆಗುತ್ತದೆ, ಆದರೆ ನಿಮ್ಮ ಹೋಮ್ ಫೋಲ್ಡರ್‌ಗೆ ಹೋಗಲು ಆಗುತ್ತಿಲ್ಲ ಅಂತ ಒಂದು ಸಾಲಿನ ಎಚ್ಚರಿಕೆ ಕೂಡ ಬರಬಹುದು. ಬಂದರೆ ಅನುಮಾನವೇ ಬೇಡ, ರೋಗ ಅಲ್ಲೇ ಇದೆ.

ಈಗ ‘ಎಲ್‌ಎಸ್ ಹೈಫನ್ ಎಲ್’ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ‘ಸ್ಲ್ಯಾಶ್ ಹೋಮ್’ ಅಂತ ಸೇರಿಸಿ ಎಂಟರ್ ಒತ್ತಿ. ನಿಮ್ಮ ಫೋಲ್ಡರಿನ ಸಾಲು ನೋಡಿ. ಮಾಲೀಕರ ಹೆಸರು ಇರಬೇಕಾದ ಜಾಗದಲ್ಲಿ, ಗುಂಪಿನ ಹೆಸರು ಇರಬೇಕಾದ ಜಾಗದಲ್ಲಿ, ಎರಡು ಕಡೆಯೂ ನಿಮ್ಮ ಹೆಸರಿನ ಬದಲು 1001 ಅಂತ ಬರೀ ಅಂಕಿ ಇರುತ್ತದೆ ಅಂತ ನನ್ನ ಊಹೆ. ಯಾಕೆ ಅಂತ ಹೇಳ್ತೀನಿ ಕೇಳಿ. ಲಿನಕ್ಸ್ ಫೈಲ್ ಯಾರದು ಅನ್ನುವುದನ್ನು ಹೆಸರಿನಿಂದ ನೆನಪಿಟ್ಟುಕೊಳ್ಳುವುದಿಲ್ಲ, ನಂಬರಿನಿಂದ. ಮಿಂಟ್, ಉಬುಂಟು, ಡೆಬಿಯನ್ ಎಲ್ಲದರಲ್ಲೂ ಮೊದಲ ಬಳಕೆದಾರನಿಗೆ 1000, ಎರಡನೆಯವನಿಗೆ 1001. ಹಳೇ ಲ್ಯಾಪ್‌ಟಾಪ್‌ನಲ್ಲಿ ಬಹುಶಃ ಅಣ್ಣ ಮೊದಲು, ನೀವು ಎರಡನೆಯವರು. ಹೊಸದರಲ್ಲಿ ನೀವೊಬ್ಬರೇ, ಹಾಗಾಗಿ 1000. ‘ಹೈಫನ್ ಎ’ ಕೊಟ್ಟಿದ್ದರಿಂದ ಸಿಪಿ ಹಳೇ ನಂಬರನ್ನೂ ಶ್ರದ್ಧೆಯಿಂದ ಹೊತ್ತು ತಂದಿದೆ. ಈಗ ನಿಮ್ಮದೇ ಮನೆ ಯಾರೋ 1001 ಅನ್ನುವವನ ಹೆಸರಿನಲ್ಲಿದೆ, ಅಂಥವನು ಈ ಯಂತ್ರದಲ್ಲಿ ಇಲ್ಲವೇ ಇಲ್ಲ. ಡೆಸ್ಕ್‌ಟಾಪ್ ಶುರುವಾಗುವಾಗ ಹೋಮ್‌ನಲ್ಲಿ ಒಂದಷ್ಟು ಫೈಲ್ ಬರೆಯಬೇಕು, ಅದಕ್ಕೆ ಅನುಮತಿ ಸಿಗಲ್ಲ, ಬಿದ್ದುಹೋಗುತ್ತದೆ.

ಸರಿಪಡಿಸಲು ಒಂದೇ ಸಾಲು. ‘ಸುಡೋ’, ಸ್ಪೇಸ್, ‘ಸಿ-ಎಚ್-ಓ-ಡಬ್ಲ್ಯೂ-ಎನ್’ (ಐದೂ ಅಕ್ಷರ ಸೇರಿಸಿ ಒಂದೇ ಪದ), ಸ್ಪೇಸ್, ‘ಹೈಫನ್ ಆರ್’ (ಆರ್ ದೊಡ್ಡಕ್ಷರ), ಸ್ಪೇಸ್, ನಿಮ್ಮ ಯೂಸರ್‌ನೇಮ್, ಕೋಲನ್, ಮತ್ತೆ ಯೂಸರ್‌ನೇಮ್, ಸ್ಪೇಸ್, ಕೊನೆಗೆ ‘ಸ್ಲ್ಯಾಶ್ ಹೋಮ್ ಸ್ಲ್ಯಾಶ್ ಯೂಸರ್‌ನೇಮ್’. ಕೊನೆಯ ಭಾಗದಲ್ಲಿ ಸ್ಲ್ಯಾಶ್ ಆದ ಮೇಲೆ ಅಪ್ಪಿತಪ್ಪಿಯೂ ಸ್ಪೇಸ್ ಬಿಡಬೇಡಿ. ಮೊದಲ ಸ್ಲ್ಯಾಶ್ ಆದ ಮೇಲೆ ಬಿಟ್ಟರೆ ಇಡೀ ಸಿಸ್ಟಮ್ಮಿನ ಫೈಲ್‌ಗಳೆಲ್ಲ ನಿಮ್ಮ ಹೆಸರಿಗೆ ಬರುತ್ತವೆ, ಆಗ ನಿಜಕ್ಕೂ ಮರು-ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಎಂಟರ್ ಒತ್ತುವ ಮುಂಚೆ ಒಮ್ಮೆ ಓದಿಕೊಳ್ಳಿ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಮಿಂಟ್‌ನ ಲಾಗಿನ್ ಪರದೆ ವಾಪಸ್. ಉಬುಂಟುವಿನಲ್ಲಾದರೆ ಎಫ್1.

ಬ್ಯಾಕಪ್ ಏನೂ ಸುರಿಯದೆ ಲೂಪ್ ಆಗುತ್ತಿರುವವರಿಗೂ ಇಲ್ಲೇ ಹೇಳಿಬಿಡ್ತೀನಿ. ಅದೇ ಕಪ್ಪು ಪರದೆಯಲ್ಲಿ ‘ಡಿಎಫ್ ಹೈಫನ್ ಎಚ್’ ಕೊಟ್ಟು ಯಾವುದಾದರೂ ಪಾರ್ಟಿಶನ್ 100% ಆಗಿದೆಯಾ ನೋಡಿ. ಡಿಸ್ಕ್ ತುಂಬಿದರೂ ಇದೇ ಲಕ್ಷಣ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾರ್ಟಿಶನ್ನಿಗೆ (ಸಿಸ್ಟಮ್ ಫೈಲ್‌ಗಳಿರುವ ಭಾಗಕ್ಕೆ) ಚೂರು ಜಾಗ ಕೊಟ್ಟು, ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್ (ಸಿಸ್ಟಮ್ಮಿನ ನಕಲು ತೆಗೆದಿಡುವ ಸೌಲಭ್ಯ) ಆನ್ ಮಾಡಿಟ್ಟವರಿಗೆ ಇದು ಬೇಗ ಬರುತ್ತದೆ. ಎಕ್ಸ್ಟ್4 ಫೈಲ್ ಸಿಸ್ಟಮ್ 5% ಜಾಗವನ್ನು ರೂಟ್‌ಗೆ, ಅಂದ್ರೆ ಸಿಸ್ಟಮ್ಮಿನ ಅಡ್ಮಿನ್ ಅಕೌಂಟಿಗೆ ಅಂತ ಮೊದಲೇ ಎತ್ತಿಡುವುದರಿಂದ ಸಿಸ್ಟಮ್ ಹೇಗೋ ಬೂಟ್ ಆಗುತ್ತದೆ, ನಿಮ್ಮ ಲಾಗಿನ್ ಮಾತ್ರ ಬೀಳುತ್ತದೆ. ‘ಸುಡೋ ಆಪ್ಟ್ ಕ್ಲೀನ್’ ಕೊಟ್ಟು ಸ್ವಲ್ಪ ಜಾಗ ಮಾಡಿಕೊಂಡು ಒಳಗೆ ಹೋಗಿ, ಆಮೇಲೆ ನಿಧಾನವಾಗಿ ಗುಡಿಸಿ.

ಅದೂ ಅಲ್ಲವಾ? ಹಾಗಾದರೆ ‘ಸುಡೋ ಆಡ್‌ಯೂಸರ್ ಟೆಸ್ಟ್’ ಅಂತ ಹೊಸ ಬಳಕೆದಾರನನ್ನು ಸೃಷ್ಟಿಸಿ, ಆ ಹೆಸರಿನಲ್ಲಿ ಡೆಸ್ಕ್‌ಟಾಪ್‌ಗೆ ಹೋಗಿ ನೋಡಿ. ಅವನು ಒಳಗೆ ಹೋದರೆ ತೊಂದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿದೆ: ಡಾಟ್ ಪ್ರೊಫೈಲ್ ಫೈಲಿಗೆ ಏನೋ ಸಾಲು ಸೇರಿಸಿದಿರಾ, ಡಾಟ್ ಎಕ್ಸ್‌ಅಥಾರಿಟಿ (ಎಕ್ಸ್ ದೊಡ್ಡಕ್ಷರ) ಫೈಲ್ ರೂಟ್ ಹೆಸರಿಗೆ ಹೋಗಿದೆಯಾ ನೋಡಿ. ಎರಡನೆಯದಾದರೆ ಆ ಫೈಲಿಗೆ ಬೇರೆ ಹೆಸರು ಕೊಟ್ಟರೆ ಸಾಕು, ಹೊಸದು ತಾನೇ ಹುಟ್ಟಿಕೊಳ್ಳುತ್ತದೆ. ಟೆಸ್ಟ್ ಕೂಡ ಒಳಗೆ ಹೋಗಲಿಲ್ಲ ಅಂದ್ರೆ ತೊಂದರೆ ಸಿಸ್ಟಮ್ಮಿನದು, ಬಹುತೇಕ ಗ್ರಾಫಿಕ್ಸ್ ಡ್ರೈವರ್. ಅದಕ್ಕೆ ಕೆಳಗೆ ಬೇರೆ ಪ್ರಶ್ನೆ ಇದೆ.

ಪ್ರಶ್ನೆ: ಉಬುಂಟು ಹಾಕಿ ಮೊದಲ ಸಲ ಲಾಗಿನ್ ಮಾಡಿದಾಗ ಸರಿ ಇತ್ತು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಏನೇನೋ ಸೇರಿಸಿ ತೆಗೆದು ಮಾಡಿದ ಮೇಲೆ ಪಾಸ್‌ವರ್ಡ್ ತಪ್ಪು ಅಂತಿದೆ. ಪಾಸ್‌ವರ್ಡ್ ನನಗೆ ನೂರಕ್ಕೆ ನೂರು ನೆನಪಿದೆ. ಅದರಲ್ಲಿ ಒಂದು ಅಟ್ ಚಿಹ್ನೆ ಇದೆ, ಅದೇನಾದರೂ ಸಮಸ್ಯೆಯಾ?

ಉತ್ತರ: ಅದೇ ಸಮಸ್ಯೆ ಅಂತ ಪಂದ್ಯ ಕಟ್ತೀನಿ!

ಅಮೆರಿಕನ್ ಇಂಗ್ಲಿಷ್ ಲೇಔಟ್‌ನಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಚಿಹ್ನೆ @ ಬರುತ್ತದೆ. ಬ್ರಿಟಿಷ್ ಇಂಗ್ಲಿಷ್ ಲೇಔಟ್‌ನಲ್ಲಿ ಅದೇ ಕೀ ಒತ್ತಿದರೆ ಡಬಲ್ ಕೋಟ್ ಬರುತ್ತದೆ, @ ಎಂಟರ್ ಪಕ್ಕದ ಕೋಟ್ ಕೀಗೆ ಹೋಗಿರುತ್ತದೆ. ಹ್ಯಾಶ್ ಚಿಹ್ನೆ # ಕೂಡ ಜಾಗ ಬದಲಿಸುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಎಲ್ಲ ಬರೀ ಚುಕ್ಕಿ. ಹಾಗಾಗಿ ಏನು ಬಿತ್ತು ಅಂತ ಗೊತ್ತಾಗಲ್ಲ, ಬೆರಳಿಗೆ ಮಾತ್ರ ಸರಿಯಾಗಿ ಒತ್ತಿದ ಭಾವನೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಕನ್ನಡ ಲೇಔಟನ್ನು ಸೇರಿಸಿ, ಇಂಗ್ಲಿಷನ್ನು ತೆಗೆದುಹಾಕಿದರೆ ಅಥವಾ ಕನ್ನಡವನ್ನು ಪಟ್ಟಿಯಲ್ಲಿ ಮೊದಲು ಇಟ್ಟರೆ, ನೀವು ಒತ್ತುವುದು ಇಂಗ್ಲಿಷ್ ಕೀ, ಒಳಗೆ ಬೀಳುವುದು ಕನ್ನಡ ಅಕ್ಷರ. ಚುಕ್ಕಿಗಳು ಎರಡಕ್ಕೂ ಒಂದೇ ಥರ!

ಲಾಗಿನ್ ಪರದೆಯ ಮೇಲ್ಭಾಗದ ಬಲ ಮೂಲೆ ನೋಡಿ. ಒಂದಕ್ಕಿಂತ ಜಾಸ್ತಿ ಲೇಔಟ್ ಇದ್ದರೆ ಅಲ್ಲಿ ಭಾಷೆಯ ಎರಡಕ್ಷರದ ಗುರುತು ಇರುತ್ತದೆ, ಕ್ಲಿಕ್ ಮಾಡಿ ಬದಲಿಸಬಹುದು. ಗುರುತು ಇಲ್ಲದಿದ್ದರೆ ನಾನು ಮಾಡುವ ಉಪಾಯ ಇದು: ಹೆಸರುಗಳ ಪಟ್ಟಿಯ ಕೆಳಗೆ ‘ಪಟ್ಟಿಯಲ್ಲಿ ಇಲ್ಲವೇ?’ ಅನ್ನುವಂಥ ಲಿಂಕ್ ಇರುತ್ತದಲ್ಲ, ಅದನ್ನು ಒತ್ತಿದರೆ ಯೂಸರ್‌ನೇಮ್ ಕೇಳುತ್ತದೆ. ಅಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕಾಣುತ್ತದೆ. ಪಾಸ್‌ವರ್ಡನ್ನು ಅಲ್ಲಿ ಬರೆದು ನೋಡಿ, ಎಂಟರ್ ಮಾತ್ರ ಒತ್ತಬೇಡಿ, ಬೆನ್ನ ಹಿಂದೆ ಯಾರೂ ಇಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಯಾವ ಅಕ್ಷರ ಎಲ್ಲಿಗೆ ಹೋಗಿದೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಕ್ಯಾಪ್ಸ್ ಲಾಕ್ ಬಗ್ಗೆ ಪರದೆಯೇ ಎಚ್ಚರಿಸುತ್ತದೆ, ನಮ್ ಲಾಕ್ ಬಗ್ಗೆ ಎಚ್ಚರಿಸಲ್ಲ. ಪಾಸ್‌ವರ್ಡಿನ ಅಂಕಿಗಳನ್ನು ಬಲಗಡೆಯ ನಂಬರ್ ಪ್ಯಾಡ್‌ನಿಂದ ಒತ್ತುವ ಅಭ್ಯಾಸ ಇದ್ದರೆ ಅದನ್ನೂ ಪರೀಕ್ಷಿಸಿ.

ಹೇಗೋ ಒಳಗೆ ಹೋದ ಮೇಲೆ ಇಂಗ್ಲಿಷ್ ಯುಎಸ್ ಲೇಔಟನ್ನು ಪಟ್ಟಿಯಲ್ಲಿ ಮೊದಲಿಗೆ ಎಳೆದಿಡಿ, ಕನ್ನಡ ಎರಡನೆಯದಾಗಿ ಇರಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ್ದು ಸಾಮಾನ್ಯವಾಗಿ ನಿಮ್ಮ ಅಕೌಂಟಿಗೆ ಮಾತ್ರ, ಲಾಗಿನ್ ಪರದೆ ಇಡೀ ಸಿಸ್ಟಮ್ಮಿನ ಲೇಔಟನ್ನು ನೋಡುತ್ತದೆ. ಅದನ್ನು ಬದಲಿಸಲು ಟರ್ಮಿನಲ್‌ನಲ್ಲಿ ‘ಸುಡೋ ಡಿಪಿಕೆಜಿ-ರೀಕಾನ್ಫಿಗರ್ ಕೀಬೋರ್ಡ್-ಕಾನ್ಫಿಗರೇಶನ್’ ಕೊಡಿ, ಒಂದೊಂದೇ ಪ್ರಶ್ನೆ ಕೇಳುತ್ತದೆ.

ಪ್ರಶ್ನೆ: ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಕೇಳುತ್ತದೆ, ಆದರೆ ಟೈಪ್ ಮಾಡಲು ಬಿಡುವುದಿಲ್ಲ. ಚುಕ್ಕಿ ಕೂಡ ಬರುತ್ತಿಲ್ಲ. ಕೀಬೋರ್ಡ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ನಿಮ್ಮ ಪಾಸ್‌ವರ್ಡಿನ ಉದ್ದವೂ ಬೇರೆಯವರಿಗೆ ಗೊತ್ತಾಗದಿರಲಿ ಅಂತ ಹಾಗೆ ಮಾಡಿದ್ದಾರೆ. ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತಿ.

ಪ್ರಶ್ನೆ: ಡೆಬಿಯನ್ ಹಾಕಿದೆ. ಲಾಗಿನ್ ಆಗುತ್ತೆ. ಆದರೆ ಸುಡೋ ಬಳಸಿದರೆ, ನೀನು ಸುಡೋಯರ್ಸ್ ಫೈಲಿನಲ್ಲಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಅನ್ನುವ ಅರ್ಥದ ಮೆಸೇಜ್ ಬರುತ್ತೆ. ಯಾರಿಗೆ ವರದಿ ಆಗುತ್ತೆ? ಭಯ ಆಗಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೇನೆ.

ಉತ್ತರ: ತೆಗೆಯಿರಿ, ತೆಗೆಯಿರಿ! ವರದಿ ಹೋಗುವುದು ಆ ಯಂತ್ರದ ಅಡ್ಮಿನಿಸ್ಟ್ರೇಟರಿಗೆ, ಅಂದ್ರೆ ನಿಮಗೇ. ಸಿಸ್ಟಮ್ ಲಾಗ್‌ನಲ್ಲಿ ಒಂದು ಸಾಲು ಸೇರುತ್ತದೆ, ಅಷ್ಟೇ. ನೂರಾರು ಜನ ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುತ್ತಿದ್ದ ಕಾಲದ ಗತ್ತು ಅದು.

ಇದಕ್ಕೆ ಕಾರಣ ಇನ್‌ಸ್ಟಾಲರಿನಲ್ಲಿದೆ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಖಾಲಿ ಬಿಟ್ಟರೆ ನಿಮ್ಮ ಅಕೌಂಟಿಗೆ ಸುಡೋ ಅಧಿಕಾರ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ರೂಟ್ ಬೇರೆ, ನೀವು ಬೇರೆ ಅಂತ ಅದು ತಿಳಿದುಕೊಳ್ಳುತ್ತದೆ. ಅಲ್ಲೇ ಬರೆದೂ ಇರುತ್ತದೆ, ಆದರೆ ಇನ್‌ಸ್ಟಾಲ್ ಮಾಡುವಾಗ ಅಷ್ಟೆಲ್ಲ ಯಾರು ಓದುತ್ತಾರೆ ಹೇಳಿ.

ಟರ್ಮಿನಲ್‌ನಲ್ಲಿ ‘ಎಸ್‌ಯು’, ಸ್ಪೇಸ್, ಒಂದು ಹೈಫನ್ ಕೊಟ್ಟು ಎಂಟರ್ ಒತ್ತಿ, ರೂಟ್ ಪಾಸ್‌ವರ್ಡ್ ಕೊಡಿ. ಆ ಹೈಫನ್ ಮರೆತರೆ ಮುಂದಿನ ಕಮಾಂಡ್ ಸಿಗುತ್ತಿಲ್ಲ ಅನ್ನುತ್ತದೆ. ಆಮೇಲೆ ‘ಯೂಸರ್‌ಮಾಡ್ ಹೈಫನ್ ಎಜಿ ಸುಡೋ’ ಅಂತ ಬರೆದು, ಮುಂದೆ ನಿಮ್ಮ ಯೂಸರ್‌ನೇಮ್ ಸೇರಿಸಿ. ‘ಎ’ ಸಣ್ಣಕ್ಷರ, ‘ಜಿ’ ದೊಡ್ಡಕ್ಷರ. ‘ಎ’ ಬಿಟ್ಟುಬಿಟ್ಟರೆ ನೀವು ಈಗಾಗಲೇ ಇರುವ ಬೇರೆ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಗೆ ಬೀಳುತ್ತೀರಿ, ಜೋಪಾನ. ಮುಗಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ, ಇಲ್ಲದಿದ್ದರೆ ಹೊಸ ಗುಂಪು ಲೆಕ್ಕಕ್ಕೆ ಬರಲ್ಲ. ಫೆಡೋರಾ, ಆರ್ಚ್ ಬಳಸುವವರಿಗೆ ಈ ಗುಂಪಿನ ಹೆಸರು ಸುಡೋ ಅಲ್ಲ, ವೀಲ್.

ಪ್ರಶ್ನೆ: ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪ್. ಉಬುಂಟು ಹಾಕುವಾಗ ಎಲ್ಲ ಚೆನ್ನಾಗಿತ್ತು. ಈಗ ಲಾಗಿನ್ ಆದ ತಕ್ಷಣ ಪರದೆ ಪೂರ್ತಿ ಕಪ್ಪು, ಕೆಲವೊಮ್ಮೆ ಮೌಸ್ ಬಾಣ ಮಾತ್ರ ಕಾಣುತ್ತೆ.

ಉತ್ತರ: ಕಂಪ್ಯೂಟರ್ ಆನ್ ಆಗುವಾಗ, ತಯಾರಕರ ಲೋಗೋ ಹೋದ ಕೂಡಲೇ ಎಸ್ಕೇಪ್ ಕೀ ಒಮ್ಮೆ ಒತ್ತಿ. ಹಳೇ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್, ಅಂದ್ರೆ ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಮಿನ ಮೆನು ಬರುತ್ತದೆ. ಮೊದಲ ಸಾಲಿನ ಮೇಲೆ ನಿಂತು ‘ಇ’ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ ಒಂದು ಸ್ಪೇಸ್ ಬಿಟ್ಟು ‘ನೋಮೋಡ್‌ಸೆಟ್’ ಅಂತ ಸೇರಿಸಿ ಎಫ್10 ಒತ್ತಿ. ಡೆಸ್ಕ್‌ಟಾಪ್ ಬರುತ್ತದೆ, ಸ್ವಲ್ಪ ಪೆದ್ದುಪೆದ್ದಾಗಿ, ರೆಸಲ್ಯೂಶನ್ ಸರಿ ಇಲ್ಲದೆ. ಪರವಾಗಿಲ್ಲ, ಆ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಒಳಗೆ ಹೋದ ಮೇಲೆ ‘ಸುಡೋ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಕೊಟ್ಟು ಸರಿಯಾದ ಡ್ರೈವರ್ ಹಾಕಿಕೊಳ್ಳಿ.

ಡ್ರೈವರ್ ಹಾಕಿದ ಮೇಲೂ ಹೀಗೇ ಆದರೆ ಸೆಕ್ಯೂರ್ ಬೂಟ್ (ಬೂಟ್ ಆಗುವಾಗ ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ವ್ಯವಸ್ಥೆ) ಕಡೆ ಬೆರಳು ತೋರಿಸಿ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಇಡಲು ಹೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದು, ಡ್ರೈವರಿನ ಸಹಿಯ ಕೀಯನ್ನು ಎನ್‌ರೋಲ್ (ನೋಂದಣಿ) ಮಾಡಬೇಕಾ ಅಂತ ಕೇಳುತ್ತದೆ. ಬಹಳ ಜನ ಅದನ್ನು ಏನೋ ಎರರ್ ಅಂದುಕೊಂಡು ಕಂಟಿನ್ಯೂ ಒತ್ತಿ ದಾಟಿಬಿಡುತ್ತಾರೆ. ಆಮೇಲೆ ಡ್ರೈವರ್ ಇದ್ದೂ ಲೋಡ್ ಆಗಲ್ಲ. ಆ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ, ಆಗ ಇಟ್ಟ ಪಾಸ್‌ವರ್ಡನ್ನೇ ಕೊಡಬೇಕು.

ಇನ್ನೊಂದು: ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರನ್ನು ಕ್ಲಿಕ್ ಮಾಡಿದ ಮೇಲೆ ಕೆಳಗೆ ಬಲಗಡೆ ಹಲ್ಲುಚಕ್ರದ ಚಿಹ್ನೆ ಬರುತ್ತದೆ, ಅದಕ್ಕೂ ಮುಂಚೆ ಕಾಣಲ್ಲ. ಅಲ್ಲಿ ಎಕ್ಸ್‌ಆರ್ಗ್ (ಪರದೆ ಮೇಲೆ ಚಿತ್ರ ಮೂಡಿಸುವ ಹಳೇ ವ್ಯವಸ್ಥೆ) ಅನ್ನುವ ಆಯ್ಕೆ ಇದ್ದರೆ ಆರಿಸಿ ನೋಡಿ. ಉಬುಂಟು 25.10ರಿಂದ ಮುಖ್ಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಅಲ್ಲಿ ಬರೀ ಅದರ ಜಾಗಕ್ಕೆ ಬಂದ ವೇಲ್ಯಾಂಡ್. ಹಾಗಾಗಿ ಹಳೆಯ ಸಲಹೆ ಓದಿ ಆ ಚಕ್ರವನ್ನು ಹುಡುಕಿ ಸುಸ್ತಾಗಬೇಡಿ.

ಪ್ರಶ್ನೆ: ಆಟೋಮ್ಯಾಟಿಕ್ ಲಾಗಿನ್ ಆನ್ ಮಾಡಿದ್ದೇನೆ. ಆದರೂ ಕ್ರೋಮ್ ತೆರೆದಾಗಲೆಲ್ಲ ಕೀರಿಂಗ್ ಅನ್‌ಲಾಕ್ ಮಾಡಲು ಪಾಸ್‌ವರ್ಡ್ ಕೇಳುತ್ತೆ. ಮತ್ತೆ ಆಟೋಮ್ಯಾಟಿಕ್ ಎಲ್ಲಿ ಬಂತು?

ಉತ್ತರ: ಕ್ರೋಮ್, ಮೇಲ್ ಇವುಗಳ ಗುಟ್ಟುಗಳೆಲ್ಲ ಕೀರಿಂಗ್ ಅನ್ನುವ ಬೀಗ ಹಾಕಿದ ಫೈಲಿನಲ್ಲಿರುತ್ತವೆ. ಆ ಬೀಗ ತೆಗೆಯುವುದು ನೀವು ಲಾಗಿನ್‌ನಲ್ಲಿ ಟೈಪ್ ಮಾಡುವ ಪಾಸ್‌ವರ್ಡ್. ನೀವು ಟೈಪೇ ಮಾಡದಿದ್ದರೆ ಅದು ಎಲ್ಲಿಂದ ತರಬೇಕು? ಸೀಹಾರ್ಸ್ (ಪಾಸ್‌ವರ್ಡ್ಸ್ ಅಂಡ್ ಕೀಸ್ ಅಂತಲೂ ಹೆಸರು) ತೆರೆದು ಲಾಗಿನ್ ಕೀರಿಂಗ್‌ನ ಪಾಸ್‌ವರ್ಡನ್ನು ಖಾಲಿ ಮಾಡಿದರೆ ಕಾಟ ನಿಲ್ಲುತ್ತದೆ, ಆದರೆ ಗುಟ್ಟುಗಳೆಲ್ಲ ಬೀಗವಿಲ್ಲದೆ ಡಿಸ್ಕ್ ಮೇಲೆ ಕೂರುತ್ತವೆ. ಹೊರಗೆ ಒಯ್ಯುವ ಲ್ಯಾಪ್‌ಟಾಪ್ ಆದರೆ ನಾನಂತೂ ಬೇಡ ಅಂತೀನಿ, ಆಟೋಮ್ಯಾಟಿಕ್ ಲಾಗಿನ್ನನ್ನೇ ತೆಗೆಯಿರಿ.

ಪ್ರಶ್ನೆ: ಮಿಂಟ್‌ನ ಪಾಸ್‌ವರ್ಡ್ ನಿಜಕ್ಕೂ ಮರೆತುಹೋಗಿದೆ. ರಿಕವರಿ ಮೋಡ್‌ನಿಂದ ಬದಲಿಸಬಹುದು ಅಂತ ಸ್ನೇಹಿತ ಹೇಳಿದ. ಅಷ್ಟು ಸುಲಭವಾದರೆ ಕಳ್ಳನೂ ಬದಲಿಸಬಹುದಲ್ವಾ?

ಉತ್ತರ: ಬದಲಿಸಬಹುದು. ನಿಮ್ಮ ಅನುಮಾನ ಸರಿಯಾಗಿದೆ, ಅದಕ್ಕೆ ಆಮೇಲೆ ಬರ್ತೀನಿ.

ಹಳೆಯದನ್ನು ಹುಡುಕಿ ತೆಗೆಯಲು ಆಗಲ್ಲ, ಯಾಕಂದ್ರೆ ಪಾಸ್‌ವರ್ಡ್ ಎಲ್ಲೂ ಬರೆದಿಟ್ಟಿರುವುದಿಲ್ಲ. ಶ್ಯಾಡೋ ಅನ್ನುವ ಫೈಲಿನಲ್ಲಿ ಅದರ ಹ್ಯಾಶ್ (ಮೂಲಕ್ಕೆ ತಿರುಗಿಸಲಾಗದ ಗುರುತು, # ಚಿಹ್ನೆ ಅಲ್ಲ) ಮಾತ್ರ ಇರುತ್ತದೆ. ಹೊಸದನ್ನು ಇಡಬಹುದು. ಮೇಲೆ ಹೇಳಿದಂತೆ ಗ್ರಬ್ ಮೆನು ತಂದು, ಅಡ್ವಾನ್ಸ್ಡ್ ಆಪ್ಶನ್ಸ್, ಅದರಲ್ಲಿ ರಿಕವರಿ ಮೋಡ್, ಅದರಲ್ಲಿ ರೂಟ್ ಆರಿಸಿ. ಮೊದಲು ‘ಮೌಂಟ್ ಹೈಫನ್ ಓ ರಿಮೌಂಟ್’, ಅಲ್ಪವಿರಾಮ, ‘ಆರ್‌ಡಬ್ಲ್ಯೂ’, ಸ್ಪೇಸ್, ಒಂದು ಸ್ಲ್ಯಾಶ್. ಅಲ್ಪವಿರಾಮದ ಅಕ್ಕಪಕ್ಕ ಸ್ಪೇಸ್ ಇಲ್ಲ. ಈ ಸಾಲು ಬಿಟ್ಟರೆ ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ, ಪಾಸ್‌ವರ್ಡ್ ಬದಲಿಸಲು ಹೋದಾಗ ಟೋಕನ್ ಅದು ಇದು ಅಂತ ಅರ್ಥವಾಗದ ಎರರ್ ಕೊಡುತ್ತದೆ. ಆಮೇಲೆ ‘ಪಿ-ಎ-ಎಸ್-ಎಸ್-ಡಬ್ಲ್ಯೂ-ಡಿ’, ಸ್ಪೇಸ್, ಯೂಸರ್‌ನೇಮ್. ಹೊಸ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಯೂಸರ್‌ನೇಮೂ ಮರೆತಿದ್ದರೆ ಸ್ಲ್ಯಾಶ್ ಹೋಮ್ ಒಳಗಿನ ಫೋಲ್ಡರ್ ಹೆಸರು ನೋಡಿ.

ಒಳಗೆ ಹೋದ ಮೇಲೆ ಕೀರಿಂಗ್ ಮಾತ್ರ ಹಳೇ ಪಾಸ್‌ವರ್ಡನ್ನೇ ಕೇಳುತ್ತದೆ. ಅದು ಗೊತ್ತಿಲ್ಲವಾದ್ದರಿಂದ ಸೀಹಾರ್ಸ್‌ನಲ್ಲಿ ಹಳೇ ಕೀರಿಂಗ್ ಅಳಿಸಿ, ಹೊಸದು ಮಾಡಿಕೊಳ್ಳಬೇಕು. ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೋದಂತೆಯೇ. ಇನ್‌ಸ್ಟಾಲ್ ಮಾಡುವಾಗ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡು ಅಂತ ಟಿಕ್ ಹಾಕಿದ್ದರೆ ಮಾತ್ರ ನಿಲ್ಲಿ, ಮೇಲಿನದ್ಯಾವುದೂ ನಿಮಗೆ ಸಾಲದು. ಲಾಗಿನ್ ಪಾಸ್‌ವರ್ಡ್ ಬದಲಾದರೂ ಹೋಮ್ ಬಿಚ್ಚಿಕೊಳ್ಳುವುದಿಲ್ಲ. ಹಳೇ ಪಾಸ್‌ವರ್ಡ್ ಬೇಕು, ಅಥವಾ ಮೊದಲ ಲಾಗಿನ್ನಿನಲ್ಲಿ ಬರೆದಿಟ್ಟುಕೊಳ್ಳಿ ಅಂತ ತೋರಿಸಿದ್ದ ಉದ್ದನೆಯ ಕೀ ಬೇಕು.

ಈಗ ಕಳ್ಳನ ವಿಷಯ. ಯಂತ್ರ ಕೈಗೆ ಸಿಕ್ಕವನಿಗೆ ಲಾಗಿನ್ ಪಾಸ್‌ವರ್ಡ್ ಅಡ್ಡಿಯೇ ಅಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಫೈಲ್ ಎಲ್ಲ ಓದಬಹುದು. ಅದಕ್ಕೆ ಅಡ್ಡ ನಿಲ್ಲುವುದು ಲಕ್ಸ್, ಅಂದ್ರೆ ಇಡೀ ಡಿಸ್ಕಿನ ಎನ್‌ಕ್ರಿಪ್ಶನ್. ಅದನ್ನು ಇನ್‌ಸ್ಟಾಲ್ ಮಾಡುವಾಗಲೇ ಆರಿಸುವುದು ಸುಲಭ, ಆಮೇಲೆ ಹಾಕುವುದು ತಲೆನೋವು. ಅದರ ಪಾಸ್‌ಫ್ರೇಸ್ ಬೂಟ್ ಆಗುವಾಗಲೇ ಕೇಳುತ್ತದೆ, ಲಾಗಿನ್ ಪಾಸ್‌ವರ್ಡಿಗೂ ಅದಕ್ಕೂ ಸಂಬಂಧ ಇಲ್ಲ, ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗಲ್ಲ. ಅದನ್ನು ಮರೆತರೆ ಯಾವ ರಿಕವರಿ ಮೋಡೂ ಕೈ ಹಿಡಿಯಲ್ಲ. ಒಂದಕ್ಕಿಂತ ಜಾಸ್ತಿ ಪಾಸ್‌ಫ್ರೇಸ್ ಇಡಲು ಲಕ್ಸ್ ಬಿಡುತ್ತದೆ, ಎರಡನೆಯದೊಂದನ್ನು ಸೇರಿಸಿ ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ.

ಪ್ರಶ್ನೆ: ಆರ್ಚ್ ಲಿನಕ್ಸ್. ಮೂರು ಸಲ ತಪ್ಪು ಪಾಸ್‌ವರ್ಡ್ ಹೊಡೆದೆ. ನಾಲ್ಕನೇ ಸಲ ಸರಿಯಾದದ್ದು ಕೊಟ್ಟರೂ ತಗೊಳ್ತಿಲ್ಲ!

ಉತ್ತರ: 15 ನಿಮಿಷದೊಳಗೆ ಮೂರು ಸಲ ತಪ್ಪಿದರೆ ಆರ್ಚ್ ಆ ಅಕೌಂಟನ್ನು 10 ನಿಮಿಷ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಸರಿಯಾದ ಪಾಸ್‌ವರ್ಡನ್ನೂ ಒಪ್ಪಲ್ಲ. ಎದ್ದು ಒಂದು ಸುತ್ತು ಓಡಾಡಿ ಬನ್ನಿ. ಕಾಯಲು ಆಗದಷ್ಟು ಅವಸರ ಇದ್ದರೆ ಕಪ್ಪು ಪರದೆಗೆ ಹೋಗಿ ರೂಟ್ ಆಗಿ ಲಾಗಿನ್ ಆಗಿ, ‘ಫೇಲ್‌ಲಾಕ್’, ಸ್ಪೇಸ್, ಎರಡು ಹೈಫನ್ ‘ಯೂಸರ್’, ಸ್ಪೇಸ್, ನಿಮ್ಮ ಹೆಸರು, ಸ್ಪೇಸ್, ಎರಡು ಹೈಫನ್ ‘ರೀಸೆಟ್’ ಕೊಡಿ, ತಕ್ಷಣ ತೆರೆಯುತ್ತದೆ.